ಹೊಸಬರ ಪ್ರಶ್ನೆಗಳಿಂದ ನಮಸ್ಕಾರ ತೆಗೆಯುವ ಹಾಗೂ ಅವರನ್ನು ಆದರದಿಂದ ಬರಮಾಡಿಕೊಳ್ಳುವ ಬಗ್ಗೆ

ಪ್ರೋಗ್ರಾಮಿಂಗ್ ಸಹಾಯ ವೇದಿಕೆ
ಶಿಸ್ತು, ಸ್ವಚ್ಛತೆ ಮತ್ತು ಆದರ ವಿಭಾಗ

ಸಂಖ್ಯೆ: ಸವೇ/ಶಿಸ್ವಆ/ಹೊಸಬರು/೪೧೭ (ತಿದ್ದುಪಡಿಯ ತಿದ್ದುಪಡಿ)

ಸುತ್ತೋಲೆ

ವಿಷಯ: ವೇದಿಕೆಗೆ ಹೊಸದಾಗಿ ಬಂದು ಪ್ರಶ್ನೆ ಕೇಳುವವರನ್ನು ಆದರದಿಂದ ನಡೆಸಿಕೊಳ್ಳುವ, ಹಾಗೂ ಈಗಾಗಲೇ ಹಾಗೆಯೇ ನಡೆಸಿಕೊಳ್ಳಲಾಗುತ್ತಿದೆ ಎಂಬುದನ್ನು ಅವರಿಗೆ ಮನವರಿಕೆ ಮಾಡಿಕೊಡುವ ಕುರಿತು.

ಉಲ್ಲೇಖ:
(೧) ಇದೇ ವಿಭಾಗದ ಸುತ್ತೋಲೆ ಸಂಖ್ಯೆ ೪೧೬: 'ಹೊಸಬರನ್ನು ಗದರುವಾಗ ಬಳಸಬಹುದಾದ ಸಭ್ಯ ಪದಗಳು'.
(೨) ಕಿಡ್ನಿ ಆರೈಕೆ ಕೇಂದ್ರವೊಂದರ ಹಿರಿಯ ದಾದಿಯವರ ಪತ್ರ. ಕೈಬರಹ, ಎರಡು ಪುಟ, ಕೆಲವು ಕಡೆ ಪೆನ್ನು ಒತ್ತಿ ಬರೆದು ಕಾಗದ ಹರಿದಿದೆ.
(೩) ಸದರಿ ಕೇಂದ್ರದಲ್ಲಿ ಸರದಿ ಪಟ್ಟಿ ಬರೆಯುವಾಕೆಯ ಪ್ರಶ್ನೆ (ಮುಚ್ಚಲಾಗಿದೆ).

ಪ್ರಸ್ತಾವನೆ:

ಕೋಡ್ ಬರೆಯುವಾಗ ಸಿಕ್ಕಿಹಾಕಿಕೊಂಡವರು ಕೇಳಲಿ, ತಿಳಿದವರು ಹೇಳಲಿ ಎಂಬ ಸದುದ್ದೇಶದಿಂದ ಹದಿನಾಲ್ಕು ವರ್ಷಗಳ ಹಿಂದೆ ಈ ಆನ್‌ಲೈನ್ ವೇದಿಕೆಯನ್ನು ಸ್ಥಾಪಿಸಲಾಗಿದ್ದು, ಸದರಿ ಸದುದ್ದೇಶವು ಇಂದಿಗೂ ಮುಖಪುಟದ ಮೇಲ್ಭಾಗದಲ್ಲಿ ದಪ್ಪಕ್ಷರಗಳಲ್ಲಿ ಸುರಕ್ಷಿತವಾಗಿರುತ್ತದೆ. ಆದಾಗ್ಯೂ 'ಅಲ್ಲಿ ಹೊಸಬರನ್ನು ಕಂಡರೆ ಆಗುವುದಿಲ್ಲ' ಎಂಬ ಮಾತು ಅಲ್ಲಲ್ಲಿ ಕೇಳಿಬರುತ್ತಿರುವುದು ವಿಭಾಗದ ಗಮನಕ್ಕೆ ಬಂದಿರುತ್ತದೆ. ಇದು ಶುದ್ಧ ಸುಳ್ಳು. ಹೊಸಬರು ಕಣ್ಣಿಗೆ ಬಿದ್ದ ನಲವತ್ತು ಸೆಕೆಂಡಿನೊಳಗೆ ಕನಿಷ್ಠ ಮೂವರು ಹಿರಿಯ ಸದಸ್ಯರು ಕೈಯಲ್ಲಿದ್ದ ಕೆಲಸ ಬಿಟ್ಟು ಓಡಿಬರುತ್ತಾರೆ. ಉತ್ತರ ಹೇಳಲು ಬರುತ್ತಾರೆಂದು ನಾವು ಎಲ್ಲಿಯೂ ಹೇಳಿಕೊಂಡಿಲ್ಲ.

ಉಲ್ಲೇಖ (೨)ರ ಪತ್ರದಿಂದ ತಿಳಿದುಬರುವ ಸಂಗತಿ ಇಷ್ಟು. ಸದರಿ ಕೇಂದ್ರದಲ್ಲಿ ಆರು ಡಯಾಲಿಸಿಸ್ ಯಂತ್ರಗಳಿದ್ದು, ಸೋಮವಾರ, ಬುಧವಾರ, ಶುಕ್ರವಾರ ಹದಿನೆಂಟು ಮಂದಿ ಮೂರು ಪಾಳಿಯಲ್ಲಿ ಬಂದು ರಕ್ತ ಶುದ್ಧಿ ಮಾಡಿಸಿಕೊಂಡು ಹೋಗುತ್ತಾರೆ. ಯಾರು ಯಾವಾಗ ಯಾವ ಯಂತ್ರಕ್ಕೆ ಎಂಬ ಸರದಿ ಪಟ್ಟಿ ಬರೆಯುವುದು ಒಬ್ಬಾಕೆಯ ಕೆಲಸ. ಈಕೆ ಯಾರೂ ಹೇಳದೆ, ಊಟದ ಬಿಡುವಿನಲ್ಲಿ ಕುಳಿತು, ತಾನಾಗಿಯೇ ಕಲಿತು ಆ ಪಟ್ಟಿಗೊಂದು ಪ್ರೋಗ್ರಾಂ ಬರೆದರು. ಪ್ರೋಗ್ರಾಂ ಎಲ್ಲವನ್ನೂ ಸರಿಯಾಗಿ ಮಾಡಿತು, ಆದರೆ ಹದಿನೆಂಟು ಹೆಸರು ಕೊಟ್ಟರೆ ಹದಿನೇಳನ್ನೇ ಮುದ್ರಿಸಿತು. ಹೆಸರುಗಳಿರುವುದು ಕೇಂದ್ರಕ್ಕೆ ಸೇರಿದ ದಿನದ ಕ್ರಮದಲ್ಲಿ. ಆದ್ದರಿಂದ ಪ್ರತಿ ಸಲವೂ ಬಿಟ್ಟುಹೋಗುತ್ತಿದ್ದುದು ಎಲ್ಲರಿಗಿಂತ ಹೊಸಬರಾದ ಒಬ್ಬ ಹೊಲಿಗೆ ಮೇಷ್ಟ್ರು. ಆಕೆ ಪ್ರತಿ ಸಲವೂ ಅವರ ಹೆಸರನ್ನು ಪೆನ್ನಿನಲ್ಲಿ ಸೇರಿಸುತ್ತಿದ್ದರು. ಶುಕ್ರವಾರದಿಂದ ತಾಯಿಯ ಕಣ್ಣಿನ ಆಪರೇಷನ್‌ಗಾಗಿ ಒಂದು ವಾರ ರಜೆ ಹೋಗಬೇಕಾಗಿದ್ದರಿಂದ, ಅಷ್ಟರೊಳಗೆ ತಪ್ಪು ಸರಿಪಡಿಸಬೇಕೆಂದು ಸೋಮವಾರ ಬೆಳಿಗ್ಗೆ ನಮ್ಮ ವೇದಿಕೆಗೆ ಬಂದರು.

ಮುಂದಿನದನ್ನು ದಾದಿಯವರ ಮಾತಿನಲ್ಲೇ ಕೊಡಲಾಗಿದೆ: "ನಾಲ್ಕು ದಿನ ನಿಮ್ಮ ಬಾಗಿಲಲ್ಲಿ ನಿಂತಿದ್ದಳು ಹುಡುಗಿ. ನೀವು ಒಳಗೂ ಕರೀಲಿಲ್ಲ, ಹೋಗು ಅಂತ ನೆಟ್ಟಗೆ ಹೇಳ್ಲೂ ಇಲ್ಲ. ಶುಕ್ರವಾರ ಬದಲಿಗೆ ಬಂದವರು ಪಟ್ಟಿ ಪ್ರಿಂಟ್ ಹಾಕಿ ಬಾಗಿಲಿಗೆ ಅಂಟಿಸಿದ್ರು. ಕೊನೆ ಹೆಸರು ಕೈಯಲ್ಲಿ ಸೇರಿಸಿ ಅಂತ ಇವಳು ಹೇಳೇ ಹೋಗಿದ್ಲು, ಅವರು ಮರೆತ್ರು. ತಪ್ಪು ನಮ್ಮದೂ ಇದೆ, ಇಲ್ಲ ಅನ್ನಲ್ಲ. ಮೇಷ್ಟ್ರು ಬಂದು ಪಟ್ಟಿ ಎರಡು ಸಲ ಓದಿದ್ರಂತೆ. ಹೆಸರಿಲ್ಲ. ಬೆಂಚ್ ಮೇಲೆ ನಾಲ್ಕು ಗಂಟೆವರೆಗೂ ಕೂತಿದ್ದು ಮನೆಗೆ ಹೋದ್ರು. ಯಾಕೆ ಮೇಷ್ಟ್ರೇ ಒಂದು ಮಾತು ಕೇಳಬಾರದಿತ್ತಾ ಅಂದ್ರೆ, ನಾನು ಹೊಸಬ, ಕೇಳಿದ್ರೆ ಏನಂದ್ಕೋತಾರೋ ಅಂತ ಸುಮ್ಮನಾದೆ ಅಂತಾರೆ. ಭಾನುವಾರ ಬೆಳಿಗ್ಗೆ ಉಸಿರು ಕಟ್ಟಿ ಪಕ್ಕದ ಮನೆಯವರು ಹೊತ್ಕೊಂಡು ಬಂದ್ರು. ಕಾಲು ಊದಿ ಚಪ್ಪಲಿ ಕತ್ತರಿಸಿ ತೆಗೀಬೇಕಾಯ್ತು. ಈಗ ಪರವಾಗಿಲ್ಲ. ನಿಮಗೆ ತಿಳಿದಿರಲಿ ಅಂತ ಬರೆದೆ."

ಈ ಪತ್ರದ ಧಾಟಿಯು ಸುತ್ತೋಲೆ ೪೧೬ರ ಪದಪಟ್ಟಿಗೆ ಅನುಗುಣವಾಗಿಲ್ಲ. ಅದೇನೇ ಇರಲಿ, ಸದರಿ ಪ್ರಕರಣವನ್ನೇ ಮಾದರಿಯಾಗಿಟ್ಟುಕೊಂಡು, ನಮ್ಮ ಕಡೆಯಿಂದ ಯಾವುದೇ ಲೋಪವಾಗಿಲ್ಲವೆಂದು ಸಾಬೀತುಪಡಿಸುವ ಸಲುವಾಗಿ, ಸದಸ್ಯರೆಲ್ಲರ ಗಮನಕ್ಕೆ ಈ ಕೆಳಕಂಡ ಕಂಡಿಕೆಗಳನ್ನು ಹೊರಡಿಸಲಾಗಿದೆ.

೧. ಹೊಸಬರು ಎಂದರೆ ಯಾರು.

ವೇದಿಕೆಯಲ್ಲಿ ಐನೂರು ಉತ್ತರಗಳನ್ನು ಕೊಟ್ಟಿರದ ಎಲ್ಲರನ್ನೂ ಹೊಸಬರೆಂದು ಪರಿಗಣಿಸತಕ್ಕದ್ದು. ಹೊಸಬರು ಉತ್ತರ ಕೊಡುವಂತಿಲ್ಲ. ಇದರಿಂದ ಹೊಸಬರು ಹಳಬರಾಗುವುದು ಹೇಗೆ ಎಂದು ಕಳೆದ ವರ್ಷ ಒಬ್ಬರು ಕೇಳಿದ್ದು, ಅವರು ಹೊಸಬರಾಗಿದ್ದುದರಿಂದ ಆ ಪ್ರಶ್ನೆಯನ್ನು ಪರಿಗಣಿಸಲಾಗಿಲ್ಲ. ಹೊಸಬರ ಹೆಸರಿನ ಪಕ್ಕದಲ್ಲಿ 'ಇವರು ಹೊಸಬರು, ದಯೆಯಿರಲಿ' ಎಂಬ ಹಸಿರು ಚೀಟಿಯನ್ನು ಅಂಟಿಸಲಾಗುತ್ತದೆ. ಚೀಟಿ ಬಂದ ಮೇಲೆ ಅವರನ್ನು ಹುಡುಕುವ ಶ್ರಮ ಹಿರಿಯ ಸದಸ್ಯರಿಗೆ ಗಣನೀಯವಾಗಿ ಕಡಿಮೆಯಾಗಿದೆ.

೨. ನಮಸ್ಕಾರದ ವಿಲೇವಾರಿ.

ಪ್ರಶ್ನೆಯ ಆರಂಭದಲ್ಲಿ ಬರುವ ನಮಸ್ಕಾರವನ್ನು ನಲವತ್ತು ಸೆಕೆಂಡಿನೊಳಗೆ ತೆಗೆದುಹಾಕತಕ್ಕದ್ದು. ನಮಸ್ಕಾರದಲ್ಲಿ ತಾಂತ್ರಿಕ ಮಾಹಿತಿ ಇರುವುದಿಲ್ಲ. 'ಅಣ್ಣ', 'ಅಕ್ಕ', 'ಗುರುಗಳೇ' ಮುಂತಾದ ಸಂಬೋಧನೆಗಳನ್ನು, ಸಂಬಂಧವನ್ನು ರುಜುವಾತುಪಡಿಸುವ ದಾಖಲೆ ಲಗತ್ತಿಸದ ಹೊರತು, ಉಳಿಸಿಕೊಳ್ಳುವಂತಿಲ್ಲ. 'ತಪ್ಪಿದ್ದರೆ ಕ್ಷಮಿಸಿ' ಎಂಬುದನ್ನೂ ತೆಗೆಯತಕ್ಕದ್ದು. ತಪ್ಪಿದ್ದೇ ಇರುತ್ತದೆ, ಕ್ಷಮಿಸುವ ಪ್ರಶ್ನೆ ಉದ್ಭವಿಸುವುದಿಲ್ಲ. ಪ್ರಶ್ನೆಯ ಕೊನೆಯ ಧನ್ಯವಾದಕ್ಕೂ ಇದೇ ನಿಯಮ ಅನ್ವಯ. ಧನ್ಯವಾದ ಹೇಳಲೇಬೇಕೆಂಬ ಹಂಬಲವುಳ್ಳವರಿಗೆ ಪುಟದ ಬದಿಯಲ್ಲಿ ಒಂದು ಗುಂಡಿಯನ್ನು ಒದಗಿಸಲಾಗಿದ್ದು, ಹದಿನೈದು ಅಂಕ ಗಳಿಸಿದವರು ಅದನ್ನು ಒತ್ತಬಹುದು. ಅಂಕವು ಉತ್ತರ ಕೊಟ್ಟವರಿಗೆ ದೊರೆಯುತ್ತದೆ. ಯಾರು ಉತ್ತರ ಕೊಡಬಹುದೆಂಬುದಕ್ಕೆ ಕಂಡಿಕೆ ೧ ನೋಡುವುದು.

ಪ್ರಕರಣದಲ್ಲಿ ಪಾಲನೆ: ಸರದಿ ಬರೆಯುವಾಕೆ ಸೋಮವಾರ ಬೆಳಿಗ್ಗೆ ಹತ್ತೂ ಇಪ್ಪತ್ತಕ್ಕೆ ಹಾಕಿದ ಮೂಲ ಪ್ರಶ್ನೆ ಹೀಗಿತ್ತು: "ನಮಸ್ಕಾರ. ನಾನು ಹೊಸಬಳು, ತಪ್ಪಿದ್ರೆ ಕ್ಷಮಿಸಿ. ಕಿಡ್ನಿ ಕೇಂದ್ರದಲ್ಲಿ ಸರದಿ ಪಟ್ಟಿ ಬರೆಯೋ ಕೆಲಸ ನನ್ನದು. ಹದಿನೆಂಟು ಹೆಸರು ಕೊಟ್ರೆ ಹದಿನೇಳೇ ಪ್ರಿಂಟ್ ಆಗ್ತಿದೆ, ಕೊನೆಯವರು ಬಿಟ್ಟುಹೋಗ್ತಾರೆ. ಮೂರು ದಿನದಿಂದ ನೋಡ್ತಿದೀನಿ, ಎಲ್ಲಿ ತಪ್ಪಿದೀನಿ ಗೊತ್ತಾಗ್ತಿಲ್ಲ. ಶುಕ್ರವಾರದಿಂದ ನಾನು ರಜೆ, ಅಷ್ಟರಲ್ಲಿ ಸರಿಯಾದ್ರೆ ಸಾಕು. ಕೋಡ್ ಕೆಳಗಿದೆ, ಆರೇ ಸಾಲು. ಯಾರಾದ್ರೂ ಸ್ವಲ್ಪ ನೋಡ್ತೀರಾ? ಧನ್ಯವಾದ." 'ಅಲ್ಪವಿರಾಮ' ಎಂಬ ಅಡ್ಡಹೆಸರಿನ ಹಿರಿಯ ಸದಸ್ಯರು ಮೂವತ್ತೊಂದು ಸೆಕೆಂಡಿನಲ್ಲಿ ನಮಸ್ಕಾರ, ಕ್ಷಮೆ, ಧನ್ಯವಾದ ಮೂರನ್ನೂ ತೆಗೆದಿರುತ್ತಾರೆ. ಶ್ಲಾಘನೀಯ.

೩. ಕಥೆ ಹೇಳುವುದನ್ನು ನಿಷೇಧಿಸಿರುವ ಬಗ್ಗೆ.

ಪ್ರಶ್ನೆಯನ್ನು ಏಕೆ ಕೇಳಲಾಗುತ್ತಿದೆ, ಯಾರಿಗಾಗಿ, ಎಷ್ಟರೊಳಗೆ ಎಂಬಿತ್ಯಾದಿ ವಿವರಗಳು ಕಥೆಯ ವ್ಯಾಪ್ತಿಗೆ ಬರುತ್ತವೆ. ಕಥೆಗೆ ಬೇರೆ ಜಾಲತಾಣಗಳಿವೆ. ಅದರಂತೆ ಸದರಿ ಪ್ರಶ್ನೆಯಿಂದ ಕಿಡ್ನಿ, ಕೇಂದ್ರ, ರಜೆ, ಶುಕ್ರವಾರ ಇವುಗಳನ್ನು ಸೋಮವಾರ ಮಧ್ಯಾಹ್ನದೊಳಗೆ ತೆಗೆಯಲಾಯಿತು. 'ಕೊನೆಯವರು ಬಿಟ್ಟುಹೋಗ್ತಾರೆ' ಎಂಬ ವಾಕ್ಯವು ಭಾವುಕವಾಗಿದೆಯೆಂದು ಇಬ್ಬರು ಆಕ್ಷೇಪಿಸಿದ್ದರಿಂದ ಅದನ್ನೂ ತೆಗೆಯಲಾಯಿತು. ಕೋಡನ್ನು ಇಡುವಾಗ ಪ್ರತಿ ಸಾಲಿನ ಮುಂದೆ ನಾಲ್ಕು ಖಾಲಿ ಜಾಗ ಬಿಡಬೇಕಾಗಿದ್ದು ಆಕೆ ಮೂರು ಬಿಟ್ಟಿದ್ದರು. ನಾಲ್ಕನೆಯದನ್ನು ಸೇರಿಸುವ ಬದಲು ಕೋಡನ್ನೇ ತೆಗೆಯಲಾಯಿತು. ಸಂಜೆ ಐದಕ್ಕೆ ಪ್ರಶ್ನೆಯಲ್ಲಿ ಉಳಿದಿದ್ದುದು 'ಹದಿನೇಳೇ' ಎಂಬ ಒಂದೇ ಪದ.

೪. 'ನೀವೇನು ಪ್ರಯತ್ನಿಸಿದ್ದೀರಿ?' ಎಂದು ಕೇಳುವುದು.

ಇದನ್ನು ಪ್ರತಿಯೊಬ್ಬ ಹೊಸಬರಿಗೂ ಕೇಳತಕ್ಕದ್ದು. ಅವರು ಏನು ಪ್ರಯತ್ನಿಸಿದರೆಂದು ಮೊದಲೇ ಬರೆದಿದ್ದಲ್ಲಿ ಅದನ್ನು ಕಂಡಿಕೆ ೩ರ ಪ್ರಕಾರ ತೆಗೆದುಹಾಕಿ, ನಂತರ ಕೇಳತಕ್ಕದ್ದು. ಸರದಿ ಬರೆಯುವಾಕೆಗೆ ಈ ಪ್ರಶ್ನೆಯನ್ನು ಏಳು ಮಂದಿ ಕೇಳಿದ್ದು, ಏಳು ಬಾರಿಯೂ ಆಕೆ "ಮೂರು ದಿನದಿಂದ ಒಂದೊಂದೇ ಸಾಲು ಬದಲಾಯಿಸಿ ನೋಡಿದೆ ಸರ್" ಎಂದು ಉತ್ತರಿಸಿರುತ್ತಾರೆ. ಏಳನೆಯ ಬಾರಿ 'ಸರ್' ಬಿಟ್ಟಿದ್ದರು ಎಂದು ಒಬ್ಬರು ದೂರು ಸಲ್ಲಿಸಿರುತ್ತಾರೆ. 'ಸರ್' ಇದ್ದಿದ್ದರೆ ಕಂಡಿಕೆ ೨ರ ಅಡಿ ತೆಗೆಯಬೇಕಾಗುತ್ತಿತ್ತು ಎಂಬುದನ್ನು ದೂರುದಾರರ ಗಮನಕ್ಕೆ ತರಲಾಗಿದೆ.

೫. ಸುಲಭ ಎಂಬ ಪದದ ಬಳಕೆ.

ಹೊಸಬರ ಪ್ರಶ್ನೆಯ ಕೆಳಗೆ 'ಇದು ತುಂಬಾ ಸುಲಭ' ಎಂದು ಬರೆಯುವುದು ಕಡ್ಡಾಯ. ಎಷ್ಟು ಸುಲಭವೆಂದರೆ ಉತ್ತರ ಬರೆಯುವುದೇ ದಂಡ ಎಂಬ ಭಾವ ಮೂಡುವಂತಿರಬೇಕು. ಕಲಿಯುವವರೆಗೆ ಬ್ರಹ್ಮವಿದ್ಯೆ, ಕಲಿತ ಮೇಲೆ ಕೋತಿವಿದ್ಯೆ ಎಂದು ಹಿರಿಯರು ಹೇಳಿದ್ದು, ವೇದಿಕೆಯಲ್ಲಿ ಈ ಮಾತಿನ ಉತ್ತರಾರ್ಧವನ್ನು ಮಾತ್ರ ಅಂಗೀಕರಿಸಲಾಗಿದೆ.

೬. ಬೇರೆ ದಾರಿ ತೋರಿಸುವುದು.

ಕೇಳಿದ್ದನ್ನು ಬಿಟ್ಟು ಉಳಿದೆಲ್ಲವನ್ನೂ ಹೇಳುವುದು ಉದಾರತೆಯ ಲಕ್ಷಣ. ಆಕೆ ಬಳಸಿದ ಭಾಷೆಯಲ್ಲಿ ಕೋಡ್ ಬರೆಯುವುದು ಅವಮಾನವೆಂದು ಒಬ್ಬರು, ಕಂಪ್ಯೂಟರನ್ನೇ ಬದಲಾಯಿಸಬೇಕೆಂದು ಇನ್ನೊಬ್ಬರು ತಿಳಿಸಿದ್ದಾರೆ. ಮೂರನೆಯವರು ಪಟ್ಟಿ ಎಂಬ ಪರಿಕಲ್ಪನೆಯೇ ಹಳತಾಗಿದ್ದು, ಈಗ ಯಾರೂ ಯಾರನ್ನೂ ಪಟ್ಟಿಯಲ್ಲಿಡುವುದಿಲ್ಲ ಎಂದು ನಾಲ್ಕು ಪುಟಗಳಲ್ಲಿ ವಿವರಿಸಿದ್ದಾರೆ. ಈ ಮೂವರ ನಡುವೆ ಯಾವ ಭಾಷೆ ಉತ್ತಮ ಎಂಬ ಬಗ್ಗೆ ಸೋಮವಾರ ಸಂಜೆಯಿಂದ ನಡೆದ ಚರ್ಚೆ ಇಂದಿಗೂ ಮುಂದುವರಿದಿದ್ದು, ವೇದಿಕೆಯ ಇತಿಹಾಸದಲ್ಲಿಯೇ ಅತ್ಯುತ್ತಮ ಚರ್ಚೆಗಳಲ್ಲಿ ಒಂದೆಂದು ಪರಿಗಣಿತವಾಗಿದೆ. ಮಂಗಳವಾರ ಬೆಳಿಗ್ಗೆ ಆಕೆ ನಡುವೆ ಬಾಯಿ ಹಾಕಿ "ನನ್ನ ಕೊನೆ ಹೆಸರಿನ ವಿಷ್ಯ ಏನಾಯ್ತು?" ಎಂದು ಕೇಳಿದ್ದನ್ನು ವಿಷಯಾಂತರವೆಂದು ಅಳಿಸಲಾಗಿದೆ. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಎಂಬ ಗಾದೆಯನ್ನು ಯಾರೋ ಕೆಳಗೆ ಬರೆದಿದ್ದು, ಅದನ್ನೂ ಅಳಿಸಲಾಗಿದೆ.

೭. ಋಣ ಅಂಕ.

ಹೊಸಬರ ಪ್ರಶ್ನೆಗೆ ಋಣ ಅಂಕ ಕೊಡುವುದು ಅವರ ಮೇಲಿನ ಕಾಳಜಿಯ ಗುರುತು. ಕಾರಣ ನೀಡಬೇಕಾಗಿಲ್ಲ. ಕಾರಣ ಕೇಳಿದವರಿಗೆ ಇನ್ನೊಂದು ಕೊಡತಕ್ಕದ್ದು, ಕೇಳದೆ ಸುಮ್ಮನಿದ್ದವರಿಗೆ ಆಸಕ್ತಿ ಕಡಿಮೆಯೆಂದು ಭಾವಿಸಿ ಅವರಿಗೂ ಇನ್ನೊಂದು ಕೊಡತಕ್ಕದ್ದು. ಸದರಿ ಪ್ರಶ್ನೆಗೆ ಬುಧವಾರದ ವೇಳೆಗೆ ಋಣ ಒಂಬತ್ತು ಅಂಕಗಳು ಬಂದಿದ್ದವು. ಅಂಕ ಕೊಟ್ಟವರಲ್ಲಿ ಯಾರೊಬ್ಬರೂ ಕೋಡ್ ಓದಿರಲಿಲ್ಲ ಎಂಬ ಆರೋಪದಲ್ಲಿ ಹುರುಳಿಲ್ಲ. ಓದಲು ಅಲ್ಲಿ ಕೋಡ್ ಇರಲೇ ಇಲ್ಲ.

೮. ಮೃದುತ್ವದ ಮಿತಿ.

ಕೆಲವು ಸದಸ್ಯರು ಹೊಸಬರೊಂದಿಗೆ ಸೌಮ್ಯವಾಗಿ ಮಾತನಾಡುತ್ತಿರುವುದು ಕಂಡುಬಂದಿದ್ದು, ಇದು ಉಳಿದವರ ಮೇಲೆ ಅನಗತ್ಯ ಒತ್ತಡವನ್ನುಂಟುಮಾಡುತ್ತದೆ. ಇನ್ನು ಮುಂದೆ ಸೌಮ್ಯ ಉತ್ತರ ಬರೆಯಬಯಸುವವರು ನಮೂನೆ ೯ರಲ್ಲಿ ಎರಡು ಪ್ರತಿಗಳಲ್ಲಿ ಅರ್ಜಿ ಸಲ್ಲಿಸಿ, ಏಕೆ ಸೌಮ್ಯವಾಗಿರಬೇಕಾಯಿತು ಎಂಬುದಕ್ಕೆ ಸಮಜಾಯಿಷಿ ಒದಗಿಸತಕ್ಕದ್ದು. 'ನನಗೂ ಮೊದಲು ಹೀಗೆಯೇ ಆಗಿತ್ತು' ಎಂಬ ವಾಕ್ಯವನ್ನು ಯಾವುದೇ ಸಂದರ್ಭದಲ್ಲಿಯೂ ಬಳಸುವಂತಿಲ್ಲ. ಹಿರಿಯ ಸದಸ್ಯರಿಗೆ ಮೊದಲು ಏನೂ ಆಗಿರುವುದಿಲ್ಲ. ಅವರು ಹುಟ್ಟುತ್ತಲೇ ಹಿರಿಯರು.

೯. 'ಈಗಾಗಲೇ ಕೇಳಲಾಗಿದೆ' ಎಂದು ಮುಚ್ಚುವುದು.

ಇದು ನಮ್ಮ ವೇದಿಕೆಯ ಹೆಮ್ಮೆಯ ಪದ್ಧತಿ. ಯಾವುದೇ ಹೊಸ ಪ್ರಶ್ನೆಯನ್ನು ಹಿಂದೆ ಯಾರಾದರೂ ಕೇಳಿಯೇ ಇರುತ್ತಾರೆ. ಹುಡುಕಿ, ಆ ಹಳೆಯ ಪ್ರಶ್ನೆಯ ಪುಟಕ್ಕೆ ಲಿಂಕ್ ಕೊಟ್ಟು, ಹೊಸದನ್ನು ಮುಚ್ಚತಕ್ಕದ್ದು. ಹಳೆಯ ಪುಟದಲ್ಲಿ ಉತ್ತರವಿದೆಯೇ, ಪುಟವಾದರೂ ಇದೆಯೇ ಎಂದು ನೋಡುವುದು ಮುಚ್ಚುವವರ ಕರ್ತವ್ಯದ ಭಾಗವಲ್ಲ.

ಪ್ರಕರಣದಲ್ಲಿ ಪಾಲನೆ: ಪ್ರಶ್ನೆಯಲ್ಲಿ 'ಹದಿನೇಳೇ' ಎಂಬುದು ಮಾತ್ರ ಉಳಿದಿದ್ದರೂ ಅಲ್ಪವಿರಾಮ ಅವರು ತಮ್ಮ ಅಪಾರ ಜ್ಞಾಪಕಶಕ್ತಿಯಿಂದ, ಹನ್ನೊಂದು ವರ್ಷ ಹಿಂದಿನ ಇದೇ ಬಗೆಯ ಪ್ರಶ್ನೆಯನ್ನು ಗುರುತಿಸಿ, ಲಿಂಕ್ ಕೊಟ್ಟು, ಬುಧವಾರ ಬೆಳಿಗ್ಗೆ ಮುಚ್ಚಿರುತ್ತಾರೆ. ಆಕೆ ಲಿಂಕ್ ಒತ್ತಿದರು. ಪುಟ ಖಾಲಿಯಿತ್ತು. "ಸರ್, ಅಲ್ಲಿ ಏನೂ ಇಲ್ಲ, ಬರೀ ಬಿಳಿ ಪುಟ ಬರ್ತಿದೆ" ಎಂದು ಬರೆದರು. ಇದನ್ನು ಎರಡನೆಯ ಪ್ರಶ್ನೆಯೆಂದು ಪರಿಗಣಿಸಿ, ಅಸ್ಪಷ್ಟವೆಂಬ ಕಾರಣಕ್ಕೆ ಮುಚ್ಚಲಾಯಿತು. ಒಂದೇ ವಾರದಲ್ಲಿ ಎರಡು ಪ್ರಶ್ನೆ ಮುಚ್ಚಿಸಿಕೊಂಡವರಿಗೆ ಏಳು ದಿನಗಳ 'ಕಲಿಕಾ ವಿಶ್ರಾಂತಿ' ನೀಡುವ ನಿಯಮವಿದ್ದು, ಗುರುವಾರ ಬೆಳಿಗ್ಗೆಯಿಂದ ಆಕೆಗೆ ಅದನ್ನು ದಯಪಾಲಿಸಲಾಯಿತು. ವಿಶ್ರಾಂತಿಯಲ್ಲಿರುವವರು ವೇದಿಕೆಯಲ್ಲಿ ಏನನ್ನೂ ಬರೆಯುವಂತಿಲ್ಲ. ಮಾರನೆಯ ದಿನ ಶುಕ್ರವಾರ.

೧೦. ಖಾಲಿ ಪುಟದ ಬಗ್ಗೆ ವರದಿ.

ದಾದಿಯವರ ಪತ್ರಕ್ಕೆ 'ಸದರಿ ಲಿಂಕಿನಲ್ಲಿ ಸಮರ್ಪಕ ಉತ್ತರ ಲಭ್ಯವಿತ್ತು' ಎಂದು ಬರೆದು ಕಡತವನ್ನು ಮುಕ್ತಾಯಗೊಳಿಸುವ ಉದ್ದೇಶದಿಂದ, ಕೆಳಗೆ ಸಹಿ ಮಾಡಿರುವ ಮೇಲ್ವಿಚಾರಕರು ಆ ಹಳೆಯ ಪುಟವನ್ನು ತೆರೆದು ನೋಡಿದರು. ಅಳಿಸಿದ ಪುಟಗಳನ್ನು ನೋಡುವ ಅಧಿಕಾರ ವೇದಿಕೆಯಲ್ಲಿ ಅವರೊಬ್ಬರಿಗೇ ಇರುತ್ತದೆ. ಪರಿಶೀಲನೆಯಿಂದ ತಿಳಿದುಬಂದ ಅಂಶಗಳು:

(ಅ) ಪುಟವನ್ನು ಹೋದ ವರ್ಷದ ಸ್ವಚ್ಛತಾ ಅಭಿಯಾನದಲ್ಲಿ ಅಳಿಸಲಾಗಿದೆ. ಅಂದು ಒಂದೇ ಮಧ್ಯಾಹ್ನ ನಾಲ್ಕು ಸಾವಿರದ ಇನ್ನೂರು ಪುಟಗಳನ್ನು ಅಳಿಸುವ ಆದೇಶಕ್ಕೆ ಮೇಲ್ವಿಚಾರಕರು ಸಹಿ ಹಾಕಿದ್ದರು. ಓದಿ ಸಹಿ ಹಾಕಿದರೇ ಎಂಬ ಪ್ರಶ್ನೆಗೆ, ನಾಲ್ಕು ಸಾವಿರದ ಇನ್ನೂರು ಪುಟಗಳನ್ನು ಒಂದು ಮಧ್ಯಾಹ್ನದಲ್ಲಿ ಯಾರು ಓದುತ್ತಾರೆ ಎಂದು ಉತ್ತರಿಸಲಾಗಿದೆ.

(ಆ) ಅಳಿಸಲು ಕಾರಣ: ಪ್ರಶ್ನೆಯಲ್ಲಿ ನಮಸ್ಕಾರ ಎರಡು ಸಲ, ಕ್ಷಮೆ ಮೂರು ಸಲ, ಕಥೆ ಹತ್ತು ಸಾಲು. ಪಾದರಕ್ಷೆ ಗೋದಾಮಿನಲ್ಲಿ ಲೆಕ್ಕ ಬರೆಯುವ ಒಬ್ಬ ಹೊಸಬ, ದಾಸ್ತಾನು ಪಟ್ಟಿಗೆ ಪ್ರೋಗ್ರಾಂ ಬರೆದು, ಅದರಲ್ಲಿ ಕೊನೆಯ ಅಳತೆಯ ಚಪ್ಪಲಿ ಮಾತ್ರ ಬರುತ್ತಿಲ್ಲವೆಂದು ಗೋಳಾಡಿದ್ದಾನೆ. "ನಾಳೆ ಯಜಮಾನ್ರು ಪಟ್ಟಿ ಕೇಳ್ತಾರೆ, ಇದೂ ಬರಲ್ವಾ ನಿನಗೆ ಅಂತ ಎಲ್ಲರ ಮುಂದೆ ಅಂತಾರೆ, ದಯವಿಟ್ಟು ಯಾರಾದ್ರೂ ಕೈ ಹಿಡೀರಿ" ಎಂದು ಬರೆದಿದ್ದಾನೆ. ಪ್ರತಿ ಸಾಲಿನ ಮುಂದೆ ಖಾಲಿ ಜಾಗವನ್ನೇ ಬಿಟ್ಟಿಲ್ಲ. ಕಾಗುಣಿತ ದೇವರಿಗೇ ಪ್ರೀತಿ.

(ಇ) ಅದರ ಕೆಳಗೆ ಒಂದೇ ಉತ್ತರವಿದೆ. 'ತಾತ' ಎಂಬ ಅಡ್ಡಹೆಸರಿನ ಸದಸ್ಯರು ಆರು ನಿಮಿಷದಲ್ಲಿ ಬರೆದದ್ದು: "ನಮಸ್ಕಾರ ತಮ್ಮಾ. ಗಾಬರಿ ಬೇಡ. ಯಂತ್ರ ಸೊನ್ನೆಯಿಂದ ಎಣಿಸುತ್ತೆ, ನೀನು ಹೇಳಿದ ಸಂಖ್ಯೆಗಿಂತ ಒಂದು ಮುಂಚೆ ತಾನೇ ನಿಲ್ಲುತ್ತೆ. ಅದು ಗೊತ್ತಿಲ್ದೆ ನೀನೂ ಒಂದು ಕಳೆದಿದ್ದೀಯ. ಮೂರನೇ ಸಾಲಲ್ಲಿ 'ಕಳೆ ಒಂದು' ಅಂತ ಇದೆಯಲ್ಲ, ಅದನ್ನ ಅಳಿಸು, ಕೊನೆಯದೂ ಬರುತ್ತೆ. ನನಗೂ ಮೊದಲು ಹೀಗೇ ಆಗಿತ್ತು. ಮತ್ತೆ ಏನಾದ್ರೂ ಇದ್ರೆ ಸಂಕೋಚ ಪಡದೆ ಕೇಳು, ನಾನಿಲ್ಲೇ ಇರ್ತೀನಿ."

(ಈ) ಸದರಿ ಉತ್ತರವು ಕಂಡಿಕೆ ೨, ೩, ೫ ಮತ್ತು ೮ನ್ನು ಉಲ್ಲಂಘಿಸಿರುತ್ತದೆ. ಸರದಿ ಬರೆಯುವಾಕೆಯ ಕೋಡನ್ನು ತೆಗೆದಾಗ ಅದರ ಒಂದು ಪ್ರತಿ ಕಡತದಲ್ಲಿ ಉಳಿದಿದ್ದು, ಹೋಲಿಸಿ ನೋಡಲಾಗಿ, ಆಕೆಯದೂ ಅದೇ ತಪ್ಪು. ಆಕೆಯದೂ ಮೂರನೆಯ ಸಾಲು.

(ಉ) ಗೋದಾಮಿನ ಸದರಿ ಹೊಸಬನು ನಂತರದ ವರ್ಷಗಳಲ್ಲಿ, ಅಂದರೆ ಕಂಡಿಕೆ ೧ ಇನ್ನೂ ಇರದ ಕಾಲದಲ್ಲಿ, ಐನೂರಕ್ಕೂ ಹೆಚ್ಚು ಉತ್ತರಗಳನ್ನು ಕೊಟ್ಟು, ಹಂತಹಂತವಾಗಿ ಬಡ್ತಿ ಹೊಂದಿ, ಪ್ರಸ್ತುತ ಈ ವಿಭಾಗದ ಮೇಲ್ವಿಚಾರಕರಾಗಿ ಕಾರ್ಯನಿರ್ವಹಿಸುತ್ತಿದ್ದು, ಈ ಸುತ್ತೋಲೆಗೆ ಕೆಳಗೆ ಸಹಿ ಮಾಡಿರುತ್ತಾರೆ.

೧೧. ಮೇಲಿನ ಅಂಶದ ಬಗ್ಗೆ ವಿಭಾಗದ ನಿಲುವು.

ಮೇಲ್ವಿಚಾರಕರು ಸದರಿ ಪುಟವನ್ನು ಮೂರು ಬಾರಿ ಓದಿರುತ್ತಾರೆ. ತಾವು ಒಂದು ಕಾಲದಲ್ಲಿ ಅಷ್ಟು ಹೆದರಿದ್ದರೆಂಬುದು ಅವರಿಗೆ ಮರೆತೇಹೋಗಿತ್ತು. ಹತ್ತಿದ ಏಣಿಯನ್ನು ಒದೆಯುವವರ ಬಗ್ಗೆ ಅವರು ಇತರರಿಗೆ ಹಲವು ಬಾರಿ ಉಪದೇಶ ಮಾಡಿದ್ದು, ಏಣಿಯ ಜೊತೆಗೆ ಅದನ್ನು ಹಿಡಿದು ನಿಂತವರನ್ನೂ ಒದ್ದ ನಿದರ್ಶನ ಇದೇ ಮೊದಲು. ಅವರಿಗೆ ನಾಚಿಕೆಯಾಗಿರುತ್ತದೆ. ಸುತ್ತೋಲೆಯಲ್ಲಿ ಇಂಥ ಪದವನ್ನು ಬಳಸಲು ಅವಕಾಶವಿದೆಯೇ ಎಂದು ಕರಡು ತಿದ್ದುವವರು ಕೇಳಿದ್ದು, ಇರಲಿ ಬಿಡಿ ಎಂದು ಸೂಚಿಸಲಾಗಿದೆ.

ಕಂಡಿಕೆ ೧ರಿಂದ ೯ರವರೆಗಿನ ನಿಯಮಗಳನ್ನು ರದ್ದುಪಡಿಸುವ ಅಧಿಕಾರ ಮೇಲ್ವಿಚಾರಕರಿಗೆ ಇರುವುದಿಲ್ಲ. ಅದಕ್ಕೆ ಹಿರಿಯ ಸದಸ್ಯರ ಮೂರನೇ ಎರಡರಷ್ಟು ಬಹುಮತ ಬೇಕಾಗುತ್ತದೆ, ಮತ್ತು ಅವರೆಲ್ಲ ಸದ್ಯ ಕಂಡಿಕೆ ೬ರ ಚರ್ಚೆಯಲ್ಲಿದ್ದಾರೆ. ನಿಯಮಗಳ ಪಾಲನೆಯಾಗುತ್ತಿದೆಯೇ ಎಂದು ನೋಡಿಕೊಳ್ಳುವುದು ಮಾತ್ರ ಮೇಲ್ವಿಚಾರಕರ ಕೆಲಸ. ಇಂದಿನಿಂದ ಅವರು ನೋಡಿಕೊಳ್ಳುವುದನ್ನು ನಿಲ್ಲಿಸಿರುತ್ತಾರೆ.

೧೨. ದೂರವಾಣಿ ಕರೆಯ ವರದಿ.

ವೇದಿಕೆಯ ಯಾವ ನಿಯಮದಲ್ಲಿಯೂ ದೂರವಾಣಿಯ ಪ್ರಸ್ತಾಪವಿಲ್ಲದಿರುವುದನ್ನು ಗಮನಿಸಿ, ಮೇಲ್ವಿಚಾರಕರು ದಾದಿಯವರ ಪತ್ರದ ಮೇಲಿದ್ದ ಸಂಖ್ಯೆಗೆ ಕರೆ ಮಾಡಿ, ರಜೆ ಮುಗಿಸಿ ಕೆಲಸಕ್ಕೆ ಮರಳಿದ್ದ ಸರದಿ ಬರೆಯುವಾಕೆಯೊಂದಿಗೆ ಮಾತನಾಡಿದರು. ಹಿಂದೆ ಯಂತ್ರಗಳ ಸದ್ದೂ, ಯಾರನ್ನೋ ಹೆಸರು ಹಿಡಿದು ಕರೆಯುವ ದನಿಯೂ ಕೇಳಿಸುತ್ತಿತ್ತು. ಮೇಷ್ಟ್ರು ಹೇಗಿದ್ದಾರೆ ಎಂದು ಕೇಳಲಾಗಿ, "ಒಳಗೇ ಇದ್ದಾರೆ ಸರ್, ಎರಡನೇ ಯಂತ್ರ, ಇನ್ನೂ ಒಂದು ಗಂಟೆ ಇದೆ" ಎಂದು ಉತ್ತರ ಬಂತು. ಪ್ರೋಗ್ರಾಂ ಬಗ್ಗೆ ಕೇಳಲಾಗಿ, "ಅದನ್ನ ತೆಗೆದುಬಿಟ್ಟೆ ಸರ್, ಈಗ ಕೈಯಲ್ಲೇ ಬರೀತೀನಿ, ಅದು ನಮ್ಮಂಥವರಿಗಲ್ಲ" ಎಂದರು.

ಮೇಲ್ವಿಚಾರಕರು ತಾತನ ಉತ್ತರವನ್ನು, ನಮಸ್ಕಾರವನ್ನೂ ಬಿಡದೆ, 'ತಮ್ಮಾ' ಎಂಬುದರ ಬದಲು 'ತಂಗಿ' ಎಂದು ಸೇರಿಸಿ, ನಿಧಾನವಾಗಿ ಓದಿ ಹೇಳಿದರು. ಮೂರನೆಯ ಸಾಲಿನಲ್ಲಿ 'ಕಳೆ ಒಂದು' ಎಂಬುದನ್ನು ಅಳಿಸಿದರೆ ಸಾಕು ಎಂದರು. ಓದಲು ತೆಗೆದುಕೊಂಡ ಸಮಯ ಇಪ್ಪತ್ತೆರಡು ಸೆಕೆಂಡು.

ಆ ಕಡೆಯಿಂದ ಕಾಗದದ ಮೇಲೆ ಪೆನ್ನು ಓಡುವ ಸದ್ದು ಕೇಳಿಸಿತು. ಆಮೇಲೆ ಆಕೆ ಕೇಳಿದ್ದು ಇಷ್ಟು: "ಇಷ್ಟೇನಾ ಸರ್?"

ಈ ಪ್ರಶ್ನೆಯನ್ನು ಹಿಂದೆ ಯಾರೂ ವೇದಿಕೆಯಲ್ಲಿ ಕೇಳಿರುವುದಿಲ್ಲ. ಇದು ಅಸ್ಪಷ್ಟವಾಗಿಯೂ ಇರುವುದಿಲ್ಲ. ಆದ್ದರಿಂದ ಇದನ್ನು ಮುಚ್ಚದೆ ಹಾಗೆಯೇ ತೆರೆದಿಡಲಾಗಿದೆ ಎಂದು ಈ ಮೂಲಕ ಎಲ್ಲರಿಗೂ ತಿಳಿಯಪಡಿಸಲಾಗಿದೆ.

(ಸಹಿ)
ಮೇಲ್ವಿಚಾರಕ
ಶಿಸ್ತು, ಸ್ವಚ್ಛತೆ ಮತ್ತು ಆದರ ವಿಭಾಗ
(ಹಿಂದೆ: ಲೆಕ್ಕ ಬರೆಯುವವ, ಪಾದರಕ್ಷೆ ಗೋದಾಮು)

ಪ್ರತಿಗಳು:

೧. ಎಲ್ಲ ಹಿರಿಯ ಸದಸ್ಯರಿಗೆ, ಕಂಡಿಕೆ ೯ರವರೆಗೆ ಸಂತೋಷದಿಂದ ಓದುವ ಸಲುವಾಗಿ.

೨. ಅಲ್ಪವಿರಾಮ ಅವರಿಗೆ. ಈ ಸುತ್ತೋಲೆಯಲ್ಲಿ ಹತ್ತು ಕಡೆ ನಮಸ್ಕಾರ ಎಂಬ ಪದವಿದ್ದು, ಮುಟ್ಟಬಾರದಾಗಿ ಕೋರಿಕೆ.

೩. ಕಂಡಿಕೆ ೬ರ ಚರ್ಚೆಯಲ್ಲಿ ನಿರತರಾಗಿರುವ ಮೂವರಿಗೆ, ಬಿಡುವಾದಾಗ.

೪. ಕಿಡ್ನಿ ಆರೈಕೆ ಕೇಂದ್ರದ ಹಿರಿಯ ದಾದಿಯವರಿಗೆ. ಇದನ್ನು ಅವರ ಪತ್ರಕ್ಕೆ ಉತ್ತರವೆಂದು ಭಾವಿಸಬಾರದಾಗಿ ವಿನಂತಿ, ಉತ್ತರ ಇನ್ನೂ ಬರೆಯಲಾಗಿಲ್ಲ.

೫. ಕಚೇರಿ ಕಡತಕ್ಕೆ.

೬. ತಾತ ಎಂಬ ಅಡ್ಡಹೆಸರಿನ ಸದಸ್ಯರಿಗೆ. ಇವರು ವೇದಿಕೆಯ ಕಡೆ ಬರದೆ ಆರು ವರ್ಷವಾಯಿತು. ಎಲ್ಲಿದ್ದಾರೆಂದು ತಿಳಿದವರು ದಯವಿಟ್ಟು ತಿಳಿಸುವುದು.